ಮನೆಯಿಂದ ಕೆಲಸ: ವಿಶ್ವವಿದ್ಯಾಲಯದ ಕಡತ ಯಾರ ಫೋನಿನಲ್ಲಿರಬೇಕು?

ಹೋದ ವರ್ಷ ಅಕ್ಕನ ಕಾಲಿಗೆ ಪೆಟ್ಟಾಗಿ ಆರು ವಾರ ಮನೆಯಲ್ಲೇ ಇರಬೇಕಾಯಿತು. ಅವಳು ಕರ್ನಾಟಕದ ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಸೂಪರಿಂಟೆಂಡೆಂಟ್. ನಾನು ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತೇನೆ. ಅಂಕಗಳ ಪಟ್ಟಿ, ಮರುಮೌಲ್ಯಮಾಪನದ ಅರ್ಜಿ, ಪರೀಕ್ಷಾ ಮಂಡಳಿಯ ಸಭೆಯ ತಯಾರಿ, ಇವೇ. ವಾರದಲ್ಲಿ ಮೂರು ದಿನ ನನಗೆ ಮನೆಯೇ ಕಚೇರಿ.

ಆ ಆರು ವಾರ ಇಬ್ಬರೂ ಮನೆಯಿಂದ ಕೆಲಸ ಮಾಡಿದೆವು. ನನ್ನ ಕೆಲಸ ಎಂದಿನಂತೆ ನಡೆಯಿತು. ಅವಳದ್ದೂ ನಡೆಯಿತು, ಆದರೆ ಪೂರ್ತಿ ಅವಳ ಸ್ವಂತ ಫೋನಿನೊಳಗೆ. ಕಡತದ ಹಾಳೆಗಳ ಫೋಟೋ ತೆಗೆದು ಕೇಸ್ ವರ್ಕರ್, ಅಂದರೆ ಕಡತ ನೋಡಿಕೊಳ್ಳುವ ಗುಮಾಸ್ತ, ವಾಟ್ಸಾಪ್ ಮಾಡುತ್ತಿದ್ದ. ಅಕ್ಕ ಅದನ್ನು ಹಿಗ್ಗಿಸಿ ಓದಿ, ಟಿಪ್ಪಣಿ ಹೇಗೆ ಬರೆಯಬೇಕು ಅಂತ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಒಬ್ಬ ವಿದ್ಯಾರ್ಥಿನಿಯ ಅಂಕಪಟ್ಟಿಯಲ್ಲಿ ಹೆಸರು ತಪ್ಪಾಗಿತ್ತು. ಅದನ್ನು ಸರಿ ಮಾಡಲು ಒಂಬತ್ತು ದಿನ ಹಿಡಿಯಿತು. ಹಳೆಯ ಅರ್ಜಿ ಬೀರುವಿನಲ್ಲಿತ್ತು, ಬೀರುವಿನ ಕೀ ಅಕ್ಕನ ಬ್ಯಾಗಿನಲ್ಲಿತ್ತು. ಅದೇ ವಾರ ಅಂಥದ್ದೇ ಒಂದು ತಿದ್ದುಪಡಿ ನಾನು ಇಲ್ಲಿ ಊಟದ ಹೊತ್ತಿನೊಳಗೆ ಮುಗಿಸಿದ್ದೆ.

ಅಕ್ಕ ನನಗಿಂತ ಚುರುಕು. ಪರೀಕ್ಷೆಯ ನಿಯಮ ಅವಳಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿದೆ ಅಂತ ಆಗಿನಿಂದ ಯೋಚಿಸುತ್ತಿದ್ದೇನೆ.

ತಂತ್ರಜ್ಞಾನದ ಮಾತು ಬಂದರೆ ಎಲ್ಲರೂ ಮೊದಲು ವಿಡಿಯೋ ಸಭೆಯ ಬಗ್ಗೆ ಹೇಳುತ್ತಾರೆ. ಅದರಲ್ಲಿ ಎರಡು ಕಡೆಗೂ ಈಗ ದೊಡ್ಡ ಅಂತರವಿಲ್ಲ. 2020ರ ಮಾರ್ಚ್ 23ರಂದು ಬ್ರಿಟನ್ನಿನಲ್ಲಿ ಲಾಕ್‌ಡೌನ್ ಘೋಷಣೆಯಾಯಿತು, 25ರಿಂದ ಭಾರತದಲ್ಲಿ ಶುರುವಾಯಿತು. ಜೂಮ್, ಟೀಮ್ಸ್, ಗೂಗಲ್ ಮೀಟ್ ಎಲ್ಲ ಇಲ್ಲಿಗೂ ಅಲ್ಲಿಗೂ ಒಟ್ಟಿಗೇ ಬಂದವು. ಮೇಷ್ಟ್ರುಗಳು ಪಾಠ ಮಾಡಿದರು, ಮಕ್ಕಳು ಕೇಳಿದರು. ಆದರೆ ವಿಶ್ವವಿದ್ಯಾಲಯ ಅಂದರೆ ಬರೀ ಪಾಠ ಅಲ್ಲ ಅಲ್ವಾ? ಪ್ರವೇಶ, ಶುಲ್ಕ, ಪರೀಕ್ಷೆ, ಲೆಕ್ಕಪತ್ರ, ಗ್ರಂಥಾಲಯ, ಹಾಸ್ಟೆಲ್, ಇವನ್ನೆಲ್ಲ ನಡೆಸುವವರು ಕಚೇರಿಯ ಸಿಬ್ಬಂದಿ. ಅವರು ಮನೆಯಿಂದ ಹೇಗೆ ಕೆಲಸ ಮಾಡಬೇಕು ಅನ್ನುವುದನ್ನು ಯೋಚಿಸಿದವರು ಕಡಿಮೆ.

ನಾನು ಇಲ್ಲಿ ಸೇರಿದ ಮೊದಲ ವಾರದಲ್ಲೇ ಒಂದು ವಿಷಯ ಗಮನಿಸಿದೆ. ನನ್ನ ಹೆಸರಿನ ಇಮೇಲಿಗೆ ವಿದ್ಯಾರ್ಥಿಗಳ ಪತ್ರ ಬರುವುದೇ ಅಪರೂಪ. ಎಲ್ಲವೂ ಪರೀಕ್ಷಾ ವಿಭಾಗದ ಹೆಸರಿನ ಒಂದು ಸಾಮಾನ್ಯ ಅಂಚೆಪೆಟ್ಟಿಗೆಗೆ ಬರುತ್ತದೆ. ನಾವು ಆರು ಜನ ಅದನ್ನು ನೋಡುತ್ತೇವೆ. ಯಾವ ಪತ್ರ ಯಾರು ತೆಗೆದುಕೊಂಡರು, ಏನು ಉತ್ತರ ಹೋಯಿತು, ಎಲ್ಲ ಅಲ್ಲೇ ಕಾಣುತ್ತದೆ. ನಾನು ರಜೆ ಹಾಕಿದರೆ ಪಕ್ಕದವಳು ಮುಂದುವರಿಸುತ್ತಾಳೆ. ನಾಳೆ ನಾನು ಕೆಲಸ ಬಿಟ್ಟರೂ ಐದು ವರ್ಷದ ಪತ್ರಗಳು ವಿಭಾಗದಲ್ಲೇ ಉಳಿಯುತ್ತವೆ.

ಅಕ್ಕನ ಕಡೆ ಆಗ ಪತ್ರಗಳು ಅಧಿಕಾರಿಯ ಸ್ವಂತ ಜಿಮೇಲಿಗೆ ಬರುತ್ತಿದ್ದವು. ವರ್ಗಾವಣೆ ಆದಾಗ ಚಾರ್ಜ್ ಕೊಡುತ್ತಾರೆ. ಕೀ ಕೊಡುತ್ತಾರೆ, ರಿಜಿಸ್ಟರ್ ಕೊಡುತ್ತಾರೆ, ಸೀಲು ಕೊಡುತ್ತಾರೆ. ಇಮೇಲ್ ಮಾತ್ರ ಅವರ ಜೊತೆಗೇ ಹೋಗುತ್ತಿತ್ತು. ಹೊಸಬರು ಬಂದು ಮೊದಲಿನಿಂದ ಶುರು ಮಾಡಬೇಕಿತ್ತು. ಒಂದು ಸಾಮಾನ್ಯ ಅಂಚೆಪೆಟ್ಟಿಗೆ ಮಾಡಲು ಹೆಚ್ಚಿನ ಖರ್ಚಿಲ್ಲ, ಅರ್ಧ ದಿನದ ಕೆಲಸ. ಅದು ಆಗದೇ ಇದ್ದುದಕ್ಕೆ ಒಂದೇ ಕಾರಣ: ಅದು ಬೇಕು ಅಂತ ಯಾರೂ ಕೇಳಿರಲಿಲ್ಲ.

ಫೋನಿನ ವಿಷಯ ಇನ್ನೂ ನೋವಿನದು. ಇಲ್ಲಿ ನನ್ನ ಮೇಜಿನ ಫೋನನ್ನು ತೆಗೆದು ಲ್ಯಾಪ್‌ಟಾಪಿನೊಳಗೆ ಹಾಕಿದ್ದಾರೆ. ವಿದ್ಯಾರ್ಥಿ ಕಚೇರಿಯ ನಂಬರಿಗೆ ಕರೆ ಮಾಡಿದರೆ ಮನೆಯಲ್ಲಿರುವ ನನ್ನ ಲ್ಯಾಪ್‌ಟಾಪ್ ರಿಂಗಾಗುತ್ತದೆ. ನನ್ನ ಮೊಬೈಲ್ ನಂಬರ್ ಯಾವ ವಿದ್ಯಾರ್ಥಿಗೂ ಗೊತ್ತಿಲ್ಲ. ಸಂಜೆ ಲ್ಯಾಪ್‌ಟಾಪ್ ಮುಚ್ಚಿದರೆ ಕಚೇರಿಯೂ ಮುಚ್ಚಿತು. ಅಕ್ಕನ ನಂಬರ್ ನೂರಾರು ವಿದ್ಯಾರ್ಥಿಗಳ ಹತ್ತಿರ, ಎಷ್ಟೋ ಕಾಲೇಜುಗಳ ಪ್ರಾಂಶುಪಾಲರ ಹತ್ತಿರ ಇದೆ. ಫಲಿತಾಂಶದ ವಾರ ರಾತ್ರಿ ಹತ್ತೂವರೆಗೂ ಕರೆ ಬರುತ್ತದೆ. ಅವಳ ಜೊತೆಗಿರುವ ಚಿಕ್ಕ ವಯಸ್ಸಿನ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಹುಡುಗಿಯರಿಗೂ ಹಾಗೇ. ಗೊತ್ತಿಲ್ಲದವರ ಗುಡ್ ಮಾರ್ನಿಂಗ್ ಮೆಸೇಜುಗಳನ್ನು ಅವರು ಸಹಿಸಿಕೊಂಡಿರಬೇಕು. ಕೆಲಸದ ನಂಬರ್ ಬೇರೆ, ಸ್ವಂತ ನಂಬರ್ ಬೇರೆ ಇರಬೇಕು ಅನ್ನುವುದು ದೊಡ್ಡ ಸೌಕರ್ಯ ಅಂತ ನನಗನ್ನಿಸುವುದಿಲ್ಲ. ಅದು ಕನಿಷ್ಠ ಮರ್ಯಾದೆ.

ವಾಟ್ಸಾಪ್ ಸುರಕ್ಷಿತ, ಅದರಲ್ಲಿ ಎನ್‌ಕ್ರಿಪ್ಶನ್ ಇದೆ ಅಂತ ಕೆಲವರು ಹೇಳುತ್ತಾರೆ. ನಿಜ, ದಾರಿಯಲ್ಲಿ ಯಾರೂ ಕದ್ದು ಓದಲಾರರು. ಆದರೆ ತಲುಪಿದ ಮೇಲೆ? ನಲವತ್ತು ಜನರ ಗುಂಪಿಗೆ ಹಾಕಿದ ಅಂಕಗಳ ಪಟ್ಟಿ ನಲವತ್ತು ಫೋನುಗಳ ಗ್ಯಾಲರಿಯಲ್ಲಿ ಕೂರುತ್ತದೆ. ಆ ಫೋನು ಮಕ್ಕಳು ಆಟ ಆಡುವ ಫೋನು, ರಿಪೇರಿಗೆ ಕೊಡುವ ಫೋನು, ಮುಂದೆ ಮಾರುವ ಫೋನು. ಇಲ್ಲಿ ನಾನು ಒಬ್ಬ ವಿದ್ಯಾರ್ಥಿಯ ಅಂಕಗಳನ್ನು ಹೀಗೆ ಕಳಿಸಿದರೆ ವಿಚಾರಣೆ ಎದುರಿಸಬೇಕು, ವೈಯಕ್ತಿಕ ಮಾಹಿತಿ ಕಾಪಾಡುವ ಯುಕೆ ಜಿಡಿಪಿಆರ್ ಕಾನೂನು ಅಷ್ಟು ಬಿಗಿ. ಭಾರತದಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಕಾಯ್ದೆ ಬಂದರೆ ಸಾಲದು, ವಾಟ್ಸಾಪಿಗೆ ಬದಲಾಗಿ ಏನು ಬಳಸಬೇಕು ಅಂತ ಗುಮಾಸ್ತರಿಗೆ ಯಾರಾದರೂ ಕೈಗೆ ಕೊಡಬೇಕು. ಕೊಡದೆ ಬೈದರೆ ಅವರು ಏನು ಮಾಡಿಯಾರು?

ಈಗ ಲಾಗಿನ್ ವಿಷಯ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಇಲ್ಲಿ ನನಗೆ ನನ್ನದೇ ಒಂದು ಲಾಗಿನ್. ಪಾಸ್‌ವರ್ಡ್ ಹಾಕಿದ ಮೇಲೆ ಫೋನಿನಲ್ಲಿ ಇನ್ನೊಂದು ಸಲ ಒಪ್ಪಿಗೆ ಕೊಡಬೇಕು. ನನಗೆ ಸಂಬಂಧಿಸಿದ ಪುಟ ಮಾತ್ರ ತೆರೆಯುತ್ತದೆ. ಒಂದು ಅಂಕ ಬದಲಿಸಿದರೆ ಯಾರು, ಯಾವಾಗ, ಏನಿದ್ದುದನ್ನು ಏನು ಮಾಡಿದರು ಅಂತ ದಾಖಲಾಗುತ್ತದೆ. ಮನೆಯಿಂದ ಮಾಡಿದರೂ ಅಷ್ಟೇ, ಕಚೇರಿಯಿಂದ ಮಾಡಿದರೂ ಅಷ್ಟೇ. ಮೊದಮೊದಲು ಇದು ನಮ್ಮನ್ನು ಕಾಯುವ ಪೊಲೀಸರ ಥರ ಅನ್ನಿಸಿತ್ತು. ಒಂದು ಸಲ ಒಬ್ಬ ವಿದ್ಯಾರ್ಥಿಯ ಅಂಕ ತಪ್ಪಾಗಿದೆ ಅಂತ ದೂರು ಬಂತು. ಬದಲಿಸಿದವನು ನಾನೇ ಅಂತ ಎಲ್ಲರೂ ಅಂದುಕೊಂಡರು. ದಾಖಲೆ ತೆಗೆದು ನೋಡಿದರೆ ಅದು ಮೊದಲು ತುಂಬುವಾಗಲೇ ಆದ ತಪ್ಪು. ಎರಡು ನಿಮಿಷದಲ್ಲಿ ನನ್ನ ತಲೆಯ ಮೇಲಿನ ಭಾರ ಇಳಿಯಿತು.

ಅಕ್ಕ ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ಎಂಟು ಜನಕ್ಕೆ ಒಂದೇ ಲಾಗಿನ್ ಇತ್ತು. ಒಟಿಪಿ ಬರುತ್ತಿದ್ದುದು ಸಾಹೇಬರ ಫೋನಿಗೆ. ಅವರು ಮೀಟಿಂಗಿನಲ್ಲಿದ್ದರೆ ಎಂಟು ಜನ ಸುಮ್ನೆ ಕಾಯಬೇಕು. ಅದಕ್ಕಿಂತ ಕೆಟ್ಟದ್ದೇನು ಅಂದರೆ, ಏನಾದರೂ ಹೆಚ್ಚುಕಡಿಮೆ ಆದರೆ ಯಾರು ಮಾಡಿದ್ದು ಅಂತ ತೋರಿಸಲು ಏನೂ ಇಲ್ಲ. ಆಗ ಮಾತು ಬರುವುದು ಯಾವಾಗಲೂ ಕೆಳಗಿನವರ ಮೇಲೆ. ದಿನಗೂಲಿ ಆಪರೇಟರ್ ಹುಡುಗನೊಬ್ಬ ಹೀಗೇ ಕೆಲಸ ಕಳೆದುಕೊಂಡ. ಅಕ್ಕ ಅದನ್ನು ಹೇಳುವಾಗ ಈಗಲೂ ಅವಳ ದನಿ ಬದಲಾಗುತ್ತದೆ. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೇಳಿ ಅಂತ ನಾನು ಎಲ್ಲ ಸಿಬ್ಬಂದಿ ಸಂಘಗಳಿಗೂ ಹೇಳಬಯಸುತ್ತೇನೆ. ತುಟ್ಟಿಭತ್ಯೆಯ ಬೇಡಿಕೆಯ ಪಕ್ಕದಲ್ಲೇ ಇದನ್ನೂ ಇಡಿ.

ಕನ್ನಡದ್ದೇ ಒಂದು ತೊಡಕಿದೆ. ಇದು ಇಲ್ಲಿಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಅಕ್ಕ ಒಂದು ಸುತ್ತೋಲೆಯ ಫೈಲ್ ಕಳಿಸಿದ್ದಳು. ನನ್ನ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಳೆಯ ಫಾಂಟುಗಳಲ್ಲಿ ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಹುಡುಕಿದರೆ ಸಿಗುವುದಿಲ್ಲ, ಹಂಚಿಕೊಳ್ಳುವ ಶೀಟಿಗೆ ಹಾಕಿದರೆ ಓದಲಾಗುವುದಿಲ್ಲ. ಯೂನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಲ್ಲಿ ಒಂದೇ ಸಂಕೇತ ಕೊಡುವ ವ್ಯವಸ್ಥೆ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿದೆ. ಆದರೂ ಕಚೇರಿಗಳಲ್ಲಿ ಇನ್ನೂ ಹಳೆಯ ಫೈಲನ್ನೇ ಕಾಪಿ ಮಾಡಿ ದಿನಾಂಕ ಬದಲಿಸುವ ರೂಢಿ ಇದೆ. ಯೂನಿಕೋಡಿಗೆ ಬರದೆ ಮನೆಯಿಂದ ಕನ್ನಡದಲ್ಲಿ ಕೆಲಸ ಮಾಡುವುದು ಆಗದ ಮಾತು. ಆರು ವಾರದಲ್ಲಿ ಅಕ್ಕ ಮಾಡಿಕೊಂಡ ದೊಡ್ಡ ಲಾಭ ಇದೇ. ಫೋನಿಗೆ ಕನ್ನಡದಲ್ಲಿ ಹೇಳಿ ಟೈಪ್ ಮಾಡಿಸುವುದನ್ನು ಕಲಿತಳು. ಕಡತದ ಟಿಪ್ಪಣಿ ಹೇಳಿದ ಹಾಗೇ ಯೂನಿಕೋಡಿನಲ್ಲಿ ಮೂಡುವುದನ್ನು ನೋಡಿ ಅವಳಿಗೆ ಎಷ್ಟು ಖುಷಿಯಾಗಿತ್ತು ಅಂದರೆ, ನನಗೆ ಮೂರು ಸಲ ಫೋನ್ ಮಾಡಿ ಹೇಳಿದಳು.

ಯಂತ್ರಗಳ ಬಗ್ಗೆ ಎರಡೇ ಮಾತು. ಇಲ್ಲಿ ಲ್ಯಾಪ್‌ಟಾಪ್, ಇನ್ನೊಂದು ಪರದೆ, ಒಳ್ಳೆಯ ಕುರ್ಚಿ ವಿಶ್ವವಿದ್ಯಾಲಯವೇ ಕೊಟ್ಟಿದೆ. ಪರದೆಯ ಮುಂದೆ ಕೆಲಸ ಮಾಡುವವರಿಗಾಗಿ 1992ರಲ್ಲೇ ಇಲ್ಲಿ ನಿಯಮ ಮಾಡಿದ್ದಾರೆ, ಅದು ಮನೆಯ ಮೇಜಿಗೂ ಅನ್ವಯ. ಅಕ್ಕನ ಕಂಪ್ಯೂಟರ್ ಕಚೇರಿಯ ಮೇಜಿಗೆ ಕಟ್ಟಿಹಾಕಿದ ಡೆಸ್ಕ್‌ಟಾಪ್. ಮನೆಗೆ ಬಂದರೆ ಬರೀ ಆರಿಂಚಿನ ಪರದೆಯಲ್ಲಿ ಎಕ್ಸೆಲ್.

ಹಾಗಂತ ಇಲ್ಲಿನದೆಲ್ಲ ಸರಿ ಅಂತ ನಾನು ಹೇಳಲಾರೆ. ಕಳೆದ ಚಳಿಗಾಲದಲ್ಲಿ ಒಬ್ಬ ವಿದ್ಯಾರ್ಥಿಯ ತಂದೆ ತೀರಿಕೊಂಡಿದ್ದರು. ಪರೀಕ್ಷೆ ಮುಂದಕ್ಕೆ ಹಾಕಿ ಅಂತ ಅವನು ಆನ್‌ಲೈನ್ ಅರ್ಜಿ ಹಾಕಿದ. ಅವನಿಗೆ ಟಿಕೆಟ್ ನಂಬರ್, ಅಂದರೆ ಅರ್ಜಿಯ ಗುರುತಿನ ಸಂಖ್ಯೆ ಬಂತು. ಟಿಕೆಟ್ ಒಂದು ವಿಭಾಗದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಯಿತು. ಎಲ್ಲರೂ ತಮ್ಮ ಪಾಲಿನ ಕೆಲಸ ಸರಿಯಾಗಿಯೇ ಮಾಡಿದ್ದರು. ಆದರೆ ನಾಲ್ಕು ದಿನ ಆ ಹುಡುಗನ ಜೊತೆ ಒಬ್ಬ ಮನುಷ್ಯನೂ ಮಾತಾಡಿರಲಿಲ್ಲ. ಅದು ನನ್ನ ಹತ್ತಿರ ಬಂದಾಗ ನನಗೆ ಅಕ್ಕನ ನೆನಪಾಯಿತು. ಅವಳ ಕೌಂಟರಿನ ಮುಂದೆ ಇಂಥ ಹುಡುಗ ನಿಂತಿದ್ದರೆ, "ಹೋಗಪ್ಪಾ, ನೀನು ಮನೇಗೆ ಹೋಗು. ಕುಲಸಚಿವರ ಹತ್ರ ನಾನೇ ಸಹಿ ಮಾಡಿಸ್ತೀನಿ" ಅಂದಿರುತ್ತಿದ್ದಳು. ಅಂದ ಹಾಗೆ ಮಾಡಿಯೂ ಇರುತ್ತಿದ್ದಳು. ನಾನು ಆ ಹುಡುಗನಿಗೆ ಅವತ್ತೇ ಫೋನ್ ಮಾಡಿದೆ. ಈಗ ನಮ್ಮ ತಂಡದಲ್ಲಿ ಒಂದು ಮಾತಾಗಿದೆ. ಸಾವು, ಕಾಯಿಲೆಯ ವಿಷಯ ಬಂದರೆ ಮೊದಲು ಕರೆ ಮಾಡಬೇಕು, ಫಾರ್ಮು ಆಮೇಲೆ.

ಮೂಡಲ್ ಅನ್ನುವ ತಂತ್ರಾಂಶದ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಪಾಠ, ಅಸೈನ್‌ಮೆಂಟ್ ನಡೆಯುವುದು ಅದರ ಮೇಲೆ. 2002ರಲ್ಲಿ ಅದನ್ನು ಹೊರತಂದವರು ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಾಸ್. ಅವರು ಚಿಕ್ಕವರಿದ್ದಾಗ ಮರುಭೂಮಿಯ ದೂರದ ಜಾಗದಲ್ಲಿದ್ದು ರೇಡಿಯೋ ಮೂಲಕ ಶಾಲೆ ಕಲಿತವರು. ದೂರ ಇರುವವನಿಗೆ ಏನು ಬೇಕು ಅಂತ ಅವರಿಗೆ ಬದುಕಿನಿಂದಲೇ ಗೊತ್ತಿತ್ತು. ಅದು ಮುಕ್ತ ತಂತ್ರಾಂಶ, ಯಾವ ವಿಶ್ವವಿದ್ಯಾಲಯ ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದು. ಕಷ್ಟ ಅನುಭವಿಸಿದವರಿಗೇ ಏನು ಬೇಕು ಅಂತ ಗೊತ್ತಿರುತ್ತದೆ. ಕಚೇರಿ ಕೆಲಸದ ಸಾಧನಗಳನ್ನು ಆರಿಸುವ ಸಮಿತಿಗಳಲ್ಲಿ ಕೇಸ್ ವರ್ಕರ್ ಒಬ್ಬರಾದರೂ ಕೂರಬೇಕು ಅಂತ ನಾನು ಹೇಳುವುದು ಇದಕ್ಕೇ. ಇಲ್ಲಿಯೂ ಅವರು ಕೂರುವುದಿಲ್ಲ.

ಅಕ್ಕ ಈಗ ಕಚೇರಿಗೆ ವಾಪಸ್ ಹೋಗುತ್ತಿದ್ದಾಳೆ. ಮೇಲಿನವರನ್ನು ಒಪ್ಪಿಸಿ ವಿಭಾಗಕ್ಕೊಂದು ಸಾಮಾನ್ಯ ಇಮೇಲ್ ಮಾಡಿಸಿದ್ದಾಳೆ. ಟಪಾಲು ಬಂದದ್ದು ಹೋದದ್ದು ಬರೆಯಲು ಎಲ್ಲರೂ ನೋಡಬಹುದಾದ ಒಂದು ಶೀಟ್ ಶುರು ಮಾಡಿದ್ದಾಳೆ, ಪೂರ್ತಿ ಯೂನಿಕೋಡ್ ಕನ್ನಡದಲ್ಲಿ. ಹೋದ ಭಾನುವಾರ ಅದನ್ನು ನನಗೆ ತೋರಿಸಿದಳು.

"'ಯಾರ ಹತ್ತಿರ ಇದೆ' ಅಂತ ಒಂದು ಕಾಲಮ್ ಹಾಕಿದೀನಿ ಕಣೋ. ಸಾಕಲ್ವಾ?"

"ಇನ್ನೊಂದು ಹಾಕಕ್ಕಾ," ಅಂದೆ. "ಯಾವತ್ತಿನಿಂದ ಇದೆ ಅಂತ."

ಅವಳು ಅಲ್ಲೇ ಫೋನಿಗೆ ಹೇಳಿ ಟೈಪ್ ಮಾಡಿಸಿದಳು.