ಎರಡು ನೀರುಕಾಗೆ, ಒಂದು ಪಟಾಕಿ

ಕೋಲಾರದ ಕಡೆ ಕೊರಳಿಗೆ ಬೈನಾಕ್ಯುಲರ್ ನೇತುಹಾಕಿಕೊಂಡು ಕೆರೆ ಏರಿ ಮೇಲೆ ನಿಂತವನು ಒಂದೋ ಒತ್ತುವರಿ ಸರ್ವೆಗೆ ಬಂದವನು, ಇಲ್ಲವೇ ಸೈಟು ಬ್ರೋಕರ್. ಬಾಮೈದನ ದೆಸೆಯಿಂದ ನನಗೆ ಎರಡೂ ಪದವಿ ಸಿಕ್ಕಿದೆ.

ಅವನಿಗೀಗ ನೀರುಕಾಗೆಯ ಹುಚ್ಚು. ಅವುಗಳ ಬಳಗದ ಎಷ್ಟೋ ಹಕ್ಕಿಗಳು ಕಡಲತೀರದ ವಾಸಿಗಳು. ನಮ್ಮೂರಿನ ಎರಡು ಜಾತಿಗೆ ಕೆರೆಯೇ ಸಾಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನವರ ಬಚ್ಚಲ ನೀರು ಸಂಸ್ಕರಣೆಯಾಗಿ ಇತ್ತ ಹರಿಯತೊಡಗಿತಲ್ಲ, ಈಗ ನೀರಲ್ಲಿ ನಿಂತು ಒಣಗಿದ ಜಾಲಿಮರಗಳ ಮೇಲೆಲ್ಲ ಇವೇ.

ಪುಟ್ಟ ನೀರುಕಾಗೆ ಸುಮಾರು 50 ಸೆಂ.ಮೀ., ಭಾರತೀಯ ನೀರುಕಾಗೆ 63. ಪುಸ್ತಕದಲ್ಲಿ ಬಲು ಸುಲಭ. ಆದರೆ ಒಂಟಿಯಾಗಿ ಕೂತ ಹಕ್ಕಿಗೆ ಟೇಪು ಹಿಡಿಯುವವರಾರು? ಎರಡೂ ಕರಿ, ಎರಡೂ ಒದ್ದೆ ರೆಕ್ಕೆ ಹರಡಿಕೊಂಡು ಬಿಸಿಲಿಗೆ ಕೂರುತ್ತವೆ. ನೋಡಬೇಕಾದ್ದು ಮೂತಿ. ಪುಟ್ಟದರದು ಗಿಡ್ಡ ಕೊಕ್ಕು, ಗುಂಡು ತಲೆ, ಕಡಿದಾದ ಹಣೆ. ಇನ್ನೊಂದರದು ತೆಳ್ಳಗೆ ನೀಳವಾದ, ತುದಿ ಬಾಗಿದ ಕೊಕ್ಕು. ಕಣ್ಣು ನೀಲಿ ಬೆರೆತ ಹಸಿರು. ಆ ಕಣ್ಣೊಂದು ಹೊಳೆದುಬಿಟ್ಟರೆ ಜಗಳವೇ ಇಲ್ಲ. ಹಕ್ಕಿ ಮಾತ್ರ ಸಾಲ ಕೊಟ್ಟವರನ್ನು ಕಂಡಂತೆ ನಮಗೆ ಬೆನ್ನು ಹಾಕಿಯೇ ಕೂರುತ್ತದೆ.

ಮೊನ್ನೆಯೂ ಹಾಗೇ ಆಯಿತು.

"ದೊಡ್ಡದು ಭಾವ."

"ಪುಟ್ಟದು ಕಣೋ, ತಲೆ ನೋಡು."

ಅಷ್ಟರಲ್ಲಿ ಕೆರೆಯ ಮೀನು ಗುತ್ತಿಗೆ ಹಿಡಿದಾತ ಮೊಪೆಡ್ ನಿಲ್ಲಿಸಿದ. "ಏನ್ ಸಾರ್, ಸರ್ವೇನಾ?"

ಕೇಳುವವರು ಸಿಕ್ಕಿದ್ದೇ ಸಾಕು, ಬಾಮೈದ ಕೊಕ್ಕು, ಹಣೆ, ಕಣ್ಣು ಎಲ್ಲ ಬಿಡಿಸಿ ಹೇಳಿದ. ಆತ ತಾಳ್ಮೆಯಿಂದ ಕೇಳಿ, "ಎರಡ್ರಾಗೆ ಮೀನು ಜಾಸ್ತಿ ತಿನ್ನೋದು ಯಾವ್ದು ಸಾರ್?" ಅಂದ.

ಬಾಮೈದ ತಡವರಿಸಿದ. "ಅಂದ್ರೆ... ದೊಡ್ಡದು ಗುಂಪು ಕಟ್ಕೊಂಡು ಹಿಡಿಯುತ್ತೆ..."

"ಹಂಗಾದ್ರೆ ಅಲ್ಲಿ ಕುಂತಿರೋದು ಅದೇ ಬಿಡಿ!"

ತಿಂಗಳುಗಟ್ಟಲೆ ತೀರದ ವ್ಯಾಜ್ಯ ಆತನಿಗೆ ಅರೆಗಳಿಗೆಯಲ್ಲಿ ತೀರಿತು. ಮೊಪೆಡ್ಡಿನ ಚೀಲಕ್ಕೆ ಕೈಹಾಕಿ ಪಟಾಕಿ ತೆಗೆದ, ಬೀಡಿಯಿಂದಲೇ ಬತ್ತಿಗೆ ಕಿಡಿ ತಾಗಿಸಿ ಏರಿಯ ಕೆಳಕ್ಕೆ ಎಸೆದ. ಢಂ! ಜಾಲಿಮರ ಖಾಲಿ. ನನ್ನ ಕೈಲಿದ್ದ ಟೀ ಚೆಲ್ಲಿ ಷರಟಿನ ಮೇಲೆ. ಬಾಮೈದನಿಗೆ ಅದ್ಯಾವುದರ ಪರಿವೆಯೂ ಇಲ್ಲ, "ಕತ್ತು ನೋಡಿ ಭಾವ, ಕತ್ತು! ದೊಡ್ಡದಕ್ಕೆ ಕತ್ತು ಉದ್ದ!" ಅಂತ ಏರಿಯುದ್ದಕ್ಕೂ ಓಡುತ್ತಿದ್ದಾನೆ.

"ಸರಿಯಾಗಿ ಕಾಣ್ಲಿಲ್ವಾ ಸಾರ್?" ಗುತ್ತಿಗೆದಾರ ಮತ್ತೆ ಚೀಲಕ್ಕೆ ಕೈಹಾಕಿದ. "ಇರಿ, ಇನ್ನೊಂದೈತೆ."