ಸ್ಟಾರ್ ಕೊಡ್ತಿರೋದು ಕತೆಗಾ, ನಂಬಿಕೆಗಾ?

ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ ಅಂತ ಕ್ರಿಶ್ಚಿಯನ್ ಫ್ಯಾಂಟಸಿ ಪುಸ್ತಕಗಳ ರಿವ್ಯೂ ಓದ್ತಾ ಕೂತೆ, ಅದೇ ನಾನು ಮಾಡಿದ ತಪ್ಪು. ಸಿ.ಎಸ್. ಲೂಯಿಸ್ ಅವರ ನಾರ್ನಿಯಾ ಅನ್ನೋ ಮಕ್ಕಳ ಫ್ಯಾಂಟಸಿ ಸರಣಿಯ 1950ರ ಮೊದಲ ಪುಸ್ತಕಕ್ಕೆ ಒಬ್ರು ಒಂದೇ ಸ್ಟಾರ್ ಕೊಟ್ಟಿದಾರೆ. ಕಾರಣ? "ಇದ್ರಲ್ಲಿ ಮಾಟಗಾತಿ ಇದಾಳೆ." ಅಯ್ಯೋ ಪುಣ್ಯಾತ್ಮ, ಅವ್ಳು ವಿಲನ್ನು! ಅದ್ರ ಕೆಳಗೇ ಇನ್ನೊಬ್ರು, ಅವ್ರದ್ದೂ ಒಂದೇ ಸ್ಟಾರು, "ಸಿಂಹ ಅಂದ್ರೆ ಯೇಸು ಅಂತ ಗೊತ್ತಾದ್ಮೇಲೆ ಮುಚ್ಚಿಟ್ಟೆ, ಬರೀ ಪ್ರಸಂಗ." ಇಬ್ರೂ ಕತೆ ಹೆಂಗಿತ್ತು ಅಂತ ಒಂದಕ್ಷರ ಬರ್ದಿಲ್ಲ.

ನಾನು ಸಂಡೇ ಸ್ಕೂಲಲ್ಲಿ ಬೈಬಲ್ ವಚನ ಬಾಯಿಪಾಠ ಒಪ್ಪಿಸಿ ಪ್ರೈಜ್ ತಗೊಂಡೋಳು ಅಂತ ನಿಮಗೆಲ್ಲ ಗೊತ್ತೇ ಇದೆ, ಅದಕ್ಕೇ ದಯವಿಟ್ಟು "ನಿಂಗೇನು ಗೊತ್ತು ನಂಬಿಕೆ ವಿಷ್ಯ" ಅಂತ ಶುರು ಹಚ್ಕೋಬೇಡಿ. ಮಾಟ ಬೇಡ, ಮಾತಾಡೋ ಪ್ರಾಣಿ ಬೇಡ ಅಂತೀರಲ್ಲ, ಬೈಬಲ್ಲಲ್ಲೇ ಮಾತಾಡಿದ ಬಿಳಾಮನ ಕತ್ತೆನ ಎಲ್ಲಿ ಕಟ್ಟಾಕ್ತೀರಿ? ಸೌಲ ರಾಜ ವೇಷ ಮರೆಸ್ಕೊಂಡು ಏಂದೋರಿನ ಆ ಮಾಟಗಾತಿ ಹತ್ರ ಹೋಗಿ ಸತ್ತ ಪ್ರವಾದಿ ಸಮುವೇಲನ್ನ ಎಬ್ಬಿಸ್ಕೊಡು ಅಂದಿದ್ದು ಯಾವ ಪುಸ್ತಕದಲ್ಲಿ? ಅದಕ್ಕೆಷ್ಟು ಸ್ಟಾರ್?

ಟೋಲ್ಕಿನ್ ವಿಷಯಕ್ಕೆ ಬಂದ್ರೆ ಇನ್ನೊಂದು ಕತೆ. 'ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಚರ್ಚಿಲ್ಲ, ಪಾದ್ರಿ ಇಲ್ಲ, ಯೇಸು ಹೆಸ್ರೂ ಇಲ್ಲ, ಹಂಗಾಗಿ ಇದು ನಮ್ಮ ಪುಸ್ತಕವೇ ಅಲ್ಲ ಅಂತ ಮೂಗು ಮುರಿಯೋರು. ಆದ್ರೆ ಬರ್ದ ಮನುಷ್ಯನೇ 1953ರಲ್ಲಿ ಗೆಳೆಯರೊಬ್ರಿಗೆ ಬರ್ದ ಕಾಗದದಲ್ಲಿ, ಇದು ಮೂಲದಲ್ಲೇ ಧಾರ್ಮಿಕ ಕೃತಿ, ಕ್ಯಾಥೊಲಿಕ್ ಕೃತಿ, ಅದಕ್ಕೇ ಧರ್ಮದ ಆಚರಣೆನೆಲ್ಲ ಕತೆಯಿಂದ ಹೊರಗಿಟ್ಟೆ ಅಂದಿದಾರೆ. ಕಥೆಯೊಳಗೇ ಕರಗಿಸಿಬಿಟ್ಟಿದಾರೆ. ದುಷ್ಟ ಉಂಗುರನ ನಾಶ ಮಾಡೋಕೆ ಅಂತ ಅದನ್ನ ಹೊತ್ತ ತಂಡ ರಿವೆಂಡೆಲ್ ಅನ್ನೋ ಜಾಗದಿಂದ ಹೊರಡೋದು ಡಿಸೆಂಬರ್ 25ಕ್ಕೆ. ಉಂಗುರ ಬೆಂಕಿಗೆ ಬೀಳೋದು ಮಾರ್ಚ್ 25ಕ್ಕೆ, ದೇವದೂತ ಗಬ್ರಿಯೇಲ ಮರಿಯಳಿಗೆ ಸುದ್ದಿ ತಂದ ಹಬ್ಬದ ದಿನ. ನಾನಿದನ್ನ ಗಮನಿಸಿದ್ದು ಮೂರನೇ ಸಲ ಓದುವಾಗ, ಪುಸ್ತಕ ಮಡಿಲಲ್ಲಿಟ್ಕೊಂಡು ಸುಮ್ನೆ ಕೂತ್ಬಿಟ್ಟಿದ್ದೆ ಎಷ್ಟೋ ಹೊತ್ತು. ಯೇಸು ಹೆಸ್ರು ಎಷ್ಟು ಸಲ ಬಂತು ಅಂತ ಎಣಿಸೋರಿಗೆ ಇದೆಲ್ಲಿ ಕಾಣ್ಬೇಕು.

ಪಾಪ ಲೇಖಕಿ ಮೆಡಲೀನ್ ಲೆಂಗಲ್ ಕತೆ ಕೇಳಿ. ಅವ್ರ 1962ರ ಮಕ್ಕಳ ಕಾದಂಬರಿ 'ಎ ರಿಂಕಲ್ ಇನ್ ಟೈಮ್'ನಲ್ಲಿ ಕತ್ತಲೆ ವಿರುದ್ಧ ಹೋರಾಡಿದೋರು ಯಾರ್ಯಾರು ಅನ್ನೋವಾಗ ಯೇಸು ಹೆಸ್ರು ಮೊದ್ಲು ಬರುತ್ತೆ, ಆಮೇಲೆ ಬುದ್ಧ, ಗಾಂಧಿ, ಐನ್‌ಸ್ಟೀನ್. ಅಷ್ಟಕ್ಕೇ ಒಂದು ಕಡೆಯೋರು ಯೇಸುನ ಎಲ್ರ ಸಾಲಲ್ಲಿ ನಿಲ್ಲಿಸಿದ್ರು ಅಂತ ಕೆಂಡ ಕಾರಿದ್ರು, ಇನ್ನೊಂದು ಕಡೆಯೋರು ಇದು ಅತಿಯಾಗಿ ಕ್ರಿಶ್ಚಿಯನ್ ಆಯ್ತು ಅಂದ್ರು.

"ಮಕ್ಕಳ ಕೈಗೆ ಕೊಡೋ ಮುಂಚೆ ಒಳಗೇನಿದೆ ಅಂತ ತಿಳ್ಕೋಬಾರ್ದಾ?" ಅಂತ ಕೇಳೋರಿದಾರೆ. ತಿಳ್ಕೊಳ್ಳಿ, ಯಾರು ಬೇಡಾಂದ್ರು? ಎರಡು ಸಂಜೆ ಕೂತು ಓದಿದ್ರೆ ಮುಗಿಯುತ್ತೆ. ಓದಲ್ಲ, ಓದಿದೋರ ಹತ್ರ ಮಾಟ ಇದ್ಯಾ, ಕೆಟ್ಟ ಮಾತಿದ್ಯಾ, ಪ್ರಾರ್ಥನೆ ಇದ್ಯಾ ಅಂತ ಪಟ್ಟಿ ಕೇಳ್ತಾರೆ. ಕಸ್ಟಮ್ಸ್‌ನೋರು ಬ್ಯಾಗ್ ತಡಕಿದ ಹಾಗೆ.

ಬೈಯಲೇಬೇಕು ಅಂದ್ರೆ ಲೂಯಿಸ್‌ನ ಬೈಯೋಕೆ ನನ್ನ ಹತ್ರಾನೂ ಇದೆ. ನಾರ್ನಿಯಾದ 1956ರ ಕೊನೇ ಪುಸ್ತಕದಲ್ಲಿ, ಮೊದಲ ಪುಸ್ತಕದ ಮಕ್ಕಳಲ್ಲಿ ಒಬ್ಳಾದ ಸೂಸನ್ನ ಹೊರಗಿಟ್ಟುಬಿಡ್ತಾರೆ, ಲಿಪ್‌ಸ್ಟಿಕ್ಕು ನೈಲಾನು ಪಾರ್ಟಿ ಬಿಟ್ರೆ ಅವ್ಳಿಗೆ ಬೇರೇನೂ ಬೇಡ ಅಂತ ಬೇರೆಯೋರ ಬಾಯಲ್ಲಿ ಹೇಳಿಸಿ. ರಾಣಿಯಾಗಿ ಆಳಿದ ಹುಡುಗಿ ಹಂಗೆ ಹೆಂಗಾದ್ಲು ಅಂತ ಒಂದು ದೃಶ್ಯಾನೂ ಇಲ್ಲ. ಹನ್ನೆರಡನೇ ವಯಸ್ಸಲ್ಲಿ ಓದಿ ಅತ್ತಿದ್ದೆ, ಇವತ್ತಿಗೂ ಕ್ಷಮಿಸಿಲ್ಲ. ಹೀಗೆ ಬೈಯಿರಿ, ರಾತ್ರಿಯೆಲ್ಲ ಕೂತು ಕೇಳ್ತೀನಿ.

ಒಂದು ವಿಷ್ಯ ಮುಚ್ಚಿಟ್ಟಿದ್ದೆ, ಹೇಳ್ಬಿಡ್ತೀನಿ. ಕೆಲವು ವರ್ಷದ ಹಿಂದೆ ಒಂದು ಕಾದಂಬರಿಗೆ ನಾನೇ ಐದು ಸ್ಟಾರ್ ಕೊಟ್ಟಿದ್ದೆ, ಅರ್ಧಾನೂ ಓದಿರ್ಲಿಲ್ಲ. ಡ್ರ್ಯಾಗನ್ನು ಮೇಲೆ ಬೀಳೋ ಹೊತ್ತಲ್ಲಿ ಹೀರೋ ಮಂಡಿಯೂರಿ ಎರಡು ಪುಟ ಪ್ರಾರ್ಥನೆ ಮಾಡ್ತಾನೆ, ಡ್ರ್ಯಾಗನ್ನೂ ಪಾಪ ಆಮೆನ್ ಅನ್ನೋವರ್ಗೂ ಕಾಯುತ್ತೆ. ನಮ್ಮೋರು ಬರ್ದಿದ್ದು, ಕಡಿಮೆ ಕೊಟ್ರೆ ಏನಂದ್ಕೋತಾರೋ ಅಂತ ಕೊಟ್ಟೆ. ಇವತ್ತು ಬೆಳಿಗ್ಗೆ ಹೋಗಿ ಎರಡಕ್ಕೆ ಇಳಿಸ್ದೆ. ಹತ್ತು ನಿಮಿಷದಲ್ಲಿ ಒಬ್ರು ಮೆಸೇಜ್ ಹಾಕಿದಾರೆ, "ಸಿಸ್ಟರ್, ಚರ್ಚಿಗೆ ಹೋಗ್ತಿದೀರಾ ತಾನೇ?"