ಒಣಗ್ಲಿ ಸಾರ್

ಇವತ್ತು ಬೆಳಿಗ್ಗೆ ನನ್ನ ಮೊಣಕೈ ಬಾಗಿಲ ಚೌಕಟ್ಟಿಗೆ ಅಂಟಿಕೊಂಡಿತು. ಸುಮ್ನೆ ಒರಗಿಕೊಂಡು ಫೋನಿನಲ್ಲಿ ಮಾತಾಡ್ತಿದ್ದೆ, ಅಷ್ಟೇ. ಮಾತು ಮುಗಿಸಿ ಹೊರಟರೆ ಕೈ ಬರಲಿಲ್ಲ. ಎಳೆದೆ. ಚರ್ರ್ ಅಂತು. ಇಸ್ತ್ರಿ ಮಾಡಿದ ನೀಲಿ ಅಂಗಿಯ ತೋಳಿಗೆ ಬಿಳಿ ಪಟ್ಟೆ, ಬಿಳಿ ಚೌಕಟ್ಟಿಗೆ ನೀಲಿ ನೂಲು. ಬಣ್ಣ ಹೊಡೆದು ಮೂರು ದಿನ ಆಗಿದೆ. ಪೇಂಟರ್ ಮೇಸ್ತ್ರಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಅವರು ಏನು ಹೇಳುತ್ತಾರೆ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಆಗಿದೆ.

ಇದೆಲ್ಲ ಶುರುವಾಗಿದ್ದು ವಾರ್ಡ್‌ರೋಬ್ ಬಾಗಿಲಿನ ಮೂಲೆಯಲ್ಲಿ ಮೈಕಾ ಎದ್ದಿದ್ದರಿಂದ. 1 ಮಿಲಿಮೀಟರ್ ದಪ್ಪದ ಹಾಳೆ. ಎರಡು ವರ್ಷದಿಂದ ಎದ್ದೇ ಇತ್ತು. ಹೋಗ್ತಾ ಬರ್ತಾ ಹೆಬ್ಬೆರಳಿನಿಂದ ಒತ್ತುತ್ತಿದ್ದೆವು. ನಾವು ಆ ಕಡೆ ತಿರುಗುವ ತನಕ ಮರ್ಯಾದೆಯಾಗಿ ಕೂತಿದ್ದು, ಆಮೇಲೆ ಮೆಲ್ಲಗೆ ಏಳುತ್ತಿತ್ತು. ಒಂದು ದಿನ ಹೆಂಡತಿಯ ಹೊಸ ಬಟ್ಟೆಯ ಎಳೆ ಕಿತ್ತಿತು. ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ಹೊಸ ಮೈಕಾ ಬಂತು, ಬಾಗಿಲು ಫಳಫಳ ಅಂತು. ಆ ಫಳಫಳದ ಪಕ್ಕದಲ್ಲಿ ಗೋಡೆ ತಿಂಗಳಿಂದ ಜ್ವರ ಬಂದು ಮಲಗಿದವರ ಹಾಗೆ ಕಂಡಿತು. ಗೋಡೆಗೆ ಬಣ್ಣ ಅಂದ ಕೂಡಲೇ ಸ್ವಿಚ್ ಬೋರ್ಡು ಹಳದಿ ತಿರುಗಿರುವುದು ಕಣ್ಣಿಗೆ ಬಿತ್ತು. ಆಮೇಲೆ ಚೌಕಟ್ಟು, ಕಿಟಕಿ, ಕುರ್ಚಿ, ಟೇಬಲ್ಲು. ಬೆರಳಗಲದ ಮೂಲೆಗೆ ಇಡೀ ಮನೆಯನ್ನೇ ಕೊಟ್ಟುಬಿಟ್ಟೆವು.

ಬಣ್ಣ ಆರಿಸೋಕೆ ಒಂದು ವಾರ ಹಿಡಿಯಿತು. ಬಿಳಿ ಅಂದರೆ ಬಿಳಿ ಅಂದುಕೊಂಡಿದ್ದೆ ನಾನು. ಶೇಡ್ ಕಾರ್ಡಿನಲ್ಲಿ ಬಿಳಿಗೇ ನಾಲ್ಕು ಪುಟ. ನನಗೆ ಎಲ್ಲವೂ ಒಂದೇ, ಹೆಂಡತಿಗೆ ಯಾವುದೂ ಒಂದಲ್ಲ. ಕೊನೆಗೆ ಬೆಂಕಿಪೊಟ್ಟಣದಷ್ಟು ಚೌಕ ನೋಡಿ ಹತ್ತು ಅಡಿ ಗೋಡೆಯ ಹಣೆಬರಹ ಬರೆದೆವು. ಬಳಿದ ಮೇಲೆ ಅದು ಬೆಳಿಗ್ಗೆ ಒಂದು ಬಣ್ಣ, ಟ್ಯೂಬ್‌ಲೈಟ್ ಹಾಕಿದರೆ ಇನ್ನೊಂದು ಬಣ್ಣ. ತಪ್ಪು ಡಬ್ಬದ್ದಲ್ಲ. 6500 ಕೆಲ್ವಿನ್‌ನ ಬಿಳಿ ದೀಪ ಎಲ್ಲದಕ್ಕೂ ನೀಲಿ ಛಾಯೆ ಕೊಡುತ್ತದೆ, 2700ರ ಹಳದಿ ಬಲ್ಬು ಅದೇ ಗೋಡೆಯನ್ನು ಹಳೇ ಪೋಸ್ಟ್ ಕಾರ್ಡ್ ಮಾಡುತ್ತದೆ. ಬಣ್ಣ ತರುವ ಮೊದಲು ಗೋಡೆಯ ಮೇಲೆ ಒಂದು ತುಂಡು ಬಳಿದು, ಹಗಲು ರಾತ್ರಿ ಎರಡೂ ನೋಡಬೇಕಂತೆ. ಈ 'ಅಂತೆ'ಗಳೆಲ್ಲ ಡಬ್ಬ ಖಾಲಿಯಾದ ಮೇಲೇ ಕಿವಿಗೆ ಬೀಳುತ್ತವೆ, ಅಲ್ವಾ?

"ಯಾಕೋ ಕಾರ್ಡಲ್ಲಿ ಇದ್ದ ಹಾಗಿಲ್ಲ" ಅಂದೆ.

"ಒಣಗ್ಲಿ ಸಾರ್" ಅಂದರು ಮೇಸ್ತ್ರಿ.

ಒಣಗಿತು. ಸ್ವಲ್ಪ ಗಾಢವಾಗಿ, ಕಾರ್ಡಿನ ಹತ್ತಿರ ಹತ್ತಿರ ಬಂತು. ಎಮಲ್ಷನ್, ಅಂದರೆ ಗೋಡೆಗೆ ಹೊಡೆಯುವ ನೀರಿನ ಬಣ್ಣ, ಸಾಮಾನ್ಯವಾಗಿ ಹಾಗೇ. ಆ ಒಂದು ಸಲ ಅವರ ಮಾತು ನಿಜವಾಗಿಬಿಟ್ಟಿತು ನೋಡಿ, ಅದೇ ನಮ್ಮ ಗ್ರಹಚಾರ. ಆಮೇಲೆ ಎಲ್ಲದಕ್ಕೂ ಅದೇ ಮಂತ್ರ. ಪುಟ್ಟಿ ಹಾಕಿದ ಜಾಗ ಉಬ್ಬಿದೆ ಅಂದರೆ ಒಣಗ್ಲಿ ಸಾರ್. ಹೊಸ ಸ್ವಿಚ್ಚಿನ ಮೇಲೂ ರೋಲರ್ ಓಡಿದೆ, ಒತ್ತಿದರೆ ಒಳಗೆ ಹೋಗ್ತಿಲ್ಲ ಅಂದರೆ ಒಣಗ್ಲಿ ಸಾರ್. ಕಿಟಕಿ ತೆಗೆಯೋಕೆ ಬರ್ತಿಲ್ಲ. ಒಣಗ್ಲಿ ಸಾರ್. ನೆಲದ ಮೇಲೆ ಬಾಗಿಲಿಂದ ಬಾಗಿಲಿಗೆ ಬಿಳಿ ಹನಿಗಳ ಸಾಲು, ಯಾವುದೋ ಹಕ್ಕಿ ನಡೆದುಹೋದ ಹಾಗೆ. ಬಟ್ಟೆ ಹಿಡಿದು ಒರೆಸೋಕೆ ಹೋದೆ. ಕೈ ಅಡ್ಡ ಹಿಡಿದರು. "ಮುಟ್ಟಬೇಡಿ ಸಾರ್, ಹರಡುತ್ತೆ. ಒಣಗ್ಲಿ." ಮರುದಿನ ಹನಿಗಳು ಚೆನ್ನಾಗಿಯೇ ಒಣಗಿದ್ದವು. ಉಗುರಿಗೂ ಬರಲಿಲ್ಲ, ಬ್ಲೇಡಿಗೂ ಜಗ್ಗಲಿಲ್ಲ. ಮೇಸ್ತ್ರಿ ಬಗ್ಗಿ ನೋಡಿದರು. ನಾಲಿಗೆ ಲೊಚಗುಟ್ಟಿದರು. "ಒಣಗಿಬಿಟ್ಟಿದೆಯಲ್ಲ ಸಾರ್. ಒದ್ದೆ ಇದ್ದಾಗಲೇ ಒರೆಸಿಬಿಡಬೇಕಿತ್ತು."

ಹೊಟ್ಟೆ ಉರಿಯೋದು ಇದಕ್ಕಲ್ಲ. ಬಾಯಿ ತೆರೆದರೆ ಒಣಗ್ಲಿ ಅನ್ನೋ ಮನುಷ್ಯ ಯಾವತ್ತೂ ಯಾವುದನ್ನೂ ಒಣಗೋಕೆ ಬಿಡಲಿಲ್ಲ. ಬಣ್ಣದ ಒಂದು ಕೋಟ್‌ಗೂ ಇನ್ನೊಂದಕ್ಕೂ ನಡುವೆ ಕನಿಷ್ಠ 4 ಗಂಟೆ ಬಿಡಿ ಅಂತ ಎಮಲ್ಷನ್ ಡಬ್ಬದ ಮೇಲೇ ಇತ್ತು. ಚೌಕಟ್ಟಿಗೆ ಹೊಡೆಯುವ ಎಣ್ಣೆ ಬಣ್ಣಕ್ಕೆ ಇನ್ನೂ ಜಾಸ್ತಿ ಹೊತ್ತು ಬೇಕು. ಮೇಸ್ತ್ರಿಗೆ ಇನ್ನೊಂದು ಮನೆಯ ಕೆಲಸ. ಚೌಕಟ್ಟಿಗೆ ಒಂದು ಕೋಟ್ ಹೊಡೆದರು, ಎರಡು ಫೋನ್ ಮಾಡಿದರು, ಮೇಲೆ ಇನ್ನೊಂದು ದಪ್ಪ ಕೋಟ್ ಹೊಡೆದು ಹೊರಟರು. ಹಾಗೆ ಮಾಡಿದರೆ ಮೇಲೆ ಪದರ ಕಟ್ಟುತ್ತದೆ, ಒಳಗೆ ಮೆತ್ತಗೇ ಇರುತ್ತದೆ. ಬೆರಳ ತುದಿಯಲ್ಲಿ ಮುಟ್ಟಿ ನೋಡಿ ಒಣಗಿದೆ ಅಂತ ನಂಬುತ್ತೀರಿ. ಮೊಣಕೈ ಊರಿದಾಗ ನಿಜ ಗೊತ್ತಾಗುತ್ತದೆ. ಬಾಕಿ ದುಡ್ಡು ಕೇಳಿದಾಗ "ಒಣಗ್ಲಿ ಮೇಸ್ತ್ರಿ" ಅನ್ನೋಣ ಅಂತ ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಇನ್ನೂ ಒಂದು ಕೋಣೆ ಇತ್ತು.

ಪುಟ್ಟಿ ಉಜ್ಜಿದ ಧೂಳಿನ ಬಗ್ಗೆ ನಾನೇನೂ ಹೇಳುವುದಿಲ್ಲ. ಮುಚ್ಚಿಟ್ಟ ಪುಸ್ತಕದ ಒಳಗೂ ಸಿಕ್ಕಿತು ಅಂದರೆ ಸಾಕಲ್ಲ.

ಆ ಒಂದು ಕೋಣೆ ಅಪ್ಪನದು. ಕಿಟಕಿ ಪಕ್ಕ ಅವರ ಕುರ್ಚಿ, ಅದರ ಹಿಂದೆ ಗೋಡೆಯಲ್ಲಿ ತಲೆ ಎತ್ತರಕ್ಕೆ ಒಂದು ಕಂದು ಗುಂಡು ಕಲೆ. ಇಪ್ಪತ್ತು ವರ್ಷ ಒರಗಿ ಪೇಪರ್ ಓದಿದ ತಲೆಯ ಗುರುತು. ಅವರಿದ್ದಾಗ ಆ ಗೋಡೆಯ ವಿಷಯಕ್ಕೆ ನಾನು ಬೈದದ್ದೂ ಉಂಟು. ಮೇಸ್ತ್ರಿ ಅದರ ಮೇಲೆ ಎರಡು ಕೋಟ್ ಹೊಡೆದರು. ಒದ್ದೆ ಇರುವಾಗ ಗೋಡೆ ಚೊಕ್ಕ ಬಿಳಿ. ಸಂಜೆ ಹೊತ್ತಿಗೆ ಮಧ್ಯದಲ್ಲಿ ಏನೋ ಮಸುಕು. ಬೆಳಿಗ್ಗೆ ನೋಡಿದರೆ ಗುಂಡು ತನ್ನ ಜಾಗದಲ್ಲೇ ಕೂತಿತ್ತು. ಒಣಗಿದಷ್ಟೂ ಸ್ಪಷ್ಟ. ಎಣ್ಣೆ ಕಲೆಯನ್ನು ಮೊದಲು ತೊಳೆದು, ಅದನ್ನು ತಡೆಯುವ ಪ್ರೈಮರ್ ಹೊಡೆಯದಿದ್ದರೆ ನೀರಿನ ಬಣ್ಣವನ್ನು ದಾಟಿ ಹೊರಗೆ ಬರುತ್ತದೆ. ಮೊದಲ ಸಲ ಮೇಸ್ತ್ರಿಗೆ ಮಂತ್ರ ಮರೆತುಹೋಯಿತು. "ಕೆರೆದು ತೆಗೆದು, ಪ್ರೈಮರ್ ಹಾಕಿ ಹೊಸದಾಗಿ ಹೊಡೀಬೇಕು ಸಾರ್. ನಾಳೆ ಬರ್ಲಾ?"

ಇರಲಿ ಬಿಡಿ, ಬೇಡ ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ. ಕೆಲಸ ಉಳಿಯಿತಲ್ಲ.

ಈಗ ಅಂಗಿ ಬದಲಾಯಿಸಿ ಬಂದು, ಕುರ್ಚಿಯನ್ನು ಎಳೆದು ಮೊದಲಿದ್ದ ಜಾಗಕ್ಕೇ ಹಾಕಿದೆ. ಕೂತು ನೋಡಿದೆ. ನನ್ನ ತಲೆ ಆ ಗುರುತಿಗಿಂತ ಎರಡು ಬೆರಳು ಕೆಳಗೆ ಬರುತ್ತದೆ. ಅಪ್ಪ ನನಗಿಂತ ಎತ್ತರ ಅನ್ನೋದು ಮರೆತೇಹೋಗಿತ್ತು. ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

"ಏನ್ರೀ, ಆ ಕುರ್ಚಿಗೂ ಮೇಸ್ತ್ರಿ ನಿನ್ನೆ ಪಾಲಿಶ್ ಹೊಡೆದು ಹೋಗಿದ್ದಾರೆ, ಕೂರಬೇಡಿ" ಅಂತ ಹೆಂಡತಿ ಒಳಗಿಂದ ಕೂಗಿದಳು. ನಾನು ಎದ್ದೆ. ಕುರ್ಚಿಯೂ ಎದ್ದಿತು.